ಮಟ್ಟುವಿನ ಗದ್ದೆಬದಿಯ ಮನೆಯಲ್ಲಿ ಎರಡು ರಾತ್ರಿ: ಕೊಟ್ಟ ಹಣ ಎಲ್ಲಿ ಉಳಿಯಿತು?

ಉಡುಪಿ ಜಿಲ್ಲೆಯ ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಮಟ್ಟುವಿನ ಕಡಲಿಗೆ ಹೋಗುವ ದಾರಿ ಸಿಗುತ್ತದೆ. ಆ ದಾರಿಯಲ್ಲಿ, ಪಿನಾಕಿನಿ ಹೊಳೆಗೆ ತುಸು ಈಚೆ, ಗುಳ್ಳವೆಂಬ ಬದನೆಯ ಗದ್ದೆಗಳ ಪಕ್ಕದಲ್ಲಿರುವ ಒಂದು ಹಂಚಿನ ಮನೆಯಲ್ಲಿ ಜನವರಿಯ ಒಂದು ವಾರಾಂತ್ಯ ನಾವು ನಾಲ್ವರು ಎರಡು ರಾತ್ರಿ ಉಳಿದಿದ್ದೆವು. ಮನೆಯವರು ಕೃಷಿಕರು, ಉಪ್ಪರಿಗೆಯ ಎರಡು ಕೋಣೆಗಳನ್ನು ಮೂರು ವರ್ಷಗಳಿಂದ ಹೋಮ್‌ಸ್ಟೇಯಾಗಿ ನಡೆಸುತ್ತಿದ್ದಾರೆ. ಮೆಚ್ಚಿಕೆಯ ಜೊತೆಗೆ ಕೆಲವು ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಹೋಮ್‌ಸ್ಟೇಯ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಕೋಣೆಗೆ ದಿನಕ್ಕೆ 2,800 ರೂಪಾಯಿ, ಊಟ ತಿಂಡಿಗೆ ತಲೆಗೆ ದಿನಕ್ಕೆ 600 ರೂಪಾಯಿ. ಎರಡು ದಿನಕ್ಕೆ ಒಟ್ಟು 16,000 ರೂಪಾಯಿ ಕೊಟ್ಟೆವು. ಕರಾವಳಿಯ ಅಭಿವೃದ್ಧಿ ಎಂದರೆ ಪ್ರವಾಸೋದ್ಯಮ ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದಿರುವ ನನಗೆ, ಈ ಹಣದಲ್ಲಿ ಎಷ್ಟು ಆ ಊರಿನಲ್ಲೇ ನಿಂತಿತು ಎಂಬುದು ಕೋಣೆಯ ಚೊಕ್ಕತನಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಂಡಿತು.

ಕೋಣೆಗಳ ವಿಚಾರ ಬೇಗ ಮುಗಿಸಬಹುದು. ಮರದ ಹಲಗೆಯ ನೆಲ, ತೊಳೆದ ಹಾಸಿಗೆ ಬಟ್ಟೆ, ಕಿಟಕಿ ತೆರೆದರೆ ಗಾಳಿ. ಸಂಜೆ ಆರಕ್ಕೆ ಮುಚ್ಚದಿದ್ದರೆ ಸೊಳ್ಳೆ. ಸ್ನಾನದ ಬಿಸಿನೀರು ಹಂಡೆಯಿಂದ ಬರುತ್ತದೆ, ನಾಲ್ಕನೆಯವರ ಸರದಿ ಬರುವಷ್ಟರಲ್ಲಿ ಉಗುರುಬೆಚ್ಚಗಾಗಿರುತ್ತದೆ. ಹವಾನಿಯಂತ್ರಣ ಒಂದೇ ಕೋಣೆಯಲ್ಲಿದೆ, ಎರಡಕ್ಕೂ ದರ ಒಂದೇ. ಇದು ಸರಿಯಲ್ಲ, ಹೇಳಿಯೂ ಬಂದಿದ್ದೇವೆ.

ಮೊದಲ ದಿನದ ಊಟಕ್ಕೆ ಮಾತ್ರ ಪೂರ್ತಿ ಅಂಕ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಗುಳ್ಳದ ಹುಳಿ, ಸುಟ್ಟ ಗುಳ್ಳದ ಬಜ್ಜಿ, ಬಂಗುಡೆ ಪುಳಿಮುಂಚಿ. ಹುಳಿಗೆ ಹಾಕಿದ ಗುಳ್ಳವನ್ನು ಒಂದು ಗಂಟೆ ಮೊದಲು ನಮ್ಮೆದುರೇ ಕೊಯ್ದು ತಂದಿದ್ದರು. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೀರುಗಳು, ತೊಟ್ಟಿನಲ್ಲಿ ಮುಳ್ಳು. ಹಿಡಿಯಲು ತಿಳಿಯದೆ ನನ್ನ ಮಗಳು ಬೆರಳು ಚುಚ್ಚಿಸಿಕೊಂಡಳು. ಸಿಪ್ಪೆ ತೆಳು, ಬೀಜ ಕಡಿಮೆ, ಕುದಿಯುವ ನೀರಿಗೆ ಬಿದ್ದರೆ ಕ್ಷಣದಲ್ಲಿ ಮೆತ್ತಗಾಗುತ್ತದೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯ ಊರವರ ಬಾಯಲ್ಲಿದೆ, ಉಡುಪಿ ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ದಾಟುವ ಪರ್ಯಾಯಕ್ಕೆ ಇಲ್ಲಿಂದ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ, 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಅಷ್ಟಾದರೂ ಪೇಟೆಯಲ್ಲಿ ಅದೇ ಆಕಾರದ ಬೇರೆ ಬದನೆಯನ್ನು ಮಟ್ಟುಗುಳ್ಳವೆಂದು ಮಾರುವವರು ಇದ್ದೇ ಇದ್ದಾರೆ. ಗದ್ದೆಯಲ್ಲಿ ನಿಂತು ನೋಡಿದ ಮೇಲೆ ನಮಗೆ ಇನ್ನು ಮೋಸವಾಗದು. ಹೋಮ್‌ಸ್ಟೇಯಿಂದ ಬೆಳೆಗೆ ಆಗುವ ಉಪಕಾರಗಳಲ್ಲಿ ಇದೂ ಒಂದು, ಯಾರ ಲೆಕ್ಕಕ್ಕೂ ಬಾರದ್ದು.

ಬಂಗುಡೆ ಬಂದದ್ದು ಕೈರಂಪಣಿಯಿಂದ, ಎಂದರೆ ದಡದಿಂದ ಕೈಯಲ್ಲೇ ಎಳೆಯುವ ಬಲೆಯಿಂದ. ಬೆಳಿಗ್ಗೆ ಏಳಕ್ಕೆ ಯಜಮಾನರು ನಮ್ಮನ್ನು ಕಡಲಬದಿಗೆ ಕರೆದೊಯ್ದಾಗ, ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಿಟ್ಟುಬಂದ ಬಲೆಯ ಎರಡು ತುದಿಗಳನ್ನು ಮೂವತ್ತು ಮಂದಿ ದಡದಿಂದ ಎಳೆಯುತ್ತಿದ್ದರು. ನಾವೂ ಹಗ್ಗಕ್ಕೆ ಕೈಹಾಕಿದೆವು. ಹತ್ತು ನಿಮಿಷಕ್ಕೆ ಅಂಗೈ ಉರಿಯತೊಡಗಿತು. ಬಲೆಯಲ್ಲಿ ಬಂದದ್ದು ಬುಟ್ಟಿ ತುಂಬದಷ್ಟು ಮೀನು. ನಮ್ಮ ಯಜಮಾನರು 400 ರೂಪಾಯಿ ಕೊಟ್ಟು ಬಂಗುಡೆ ಕೊಂಡರು, ಚೌಕಾಸಿ ಮಾಡಲಿಲ್ಲ. ಹತ್ತು ಕಿಲೋಮೀಟರ್ ಆಚೆ ಮಲ್ಪೆ ಬಂದರಿನಲ್ಲಿ ಆಳಸಮುದ್ರದ ಬೋಟುಗಳ ದೊಡ್ಡ ವ್ಯವಹಾರವೇ ನಡೆಯುತ್ತಿರುವಾಗ, ಇಲ್ಲಿ ಮೂವತ್ತು ಮಂದಿ ಒಂದು ಬುಟ್ಟಿಯನ್ನು ಪಾಲು ಮಾಡಿಕೊಳ್ಳುತ್ತಾರೆ. ಜಿಲ್ಲೆಯ ಮೀನುಗಾರಿಕೆ ಎಂದು ಒಂದೇ ಮಾತಿನಲ್ಲಿ ಹೇಳುವಾಗ ಈ ಎರಡನ್ನೂ ಸೇರಿಸಿಯೇ ಹೇಳುತ್ತೇವೆ.

ಎರಡನೆಯ ದಿನ ನಿರಾಸೆಯಾಯಿತು. ಶನಿವಾರ ಮಧ್ಯಾಹ್ನ ಮೇಜಿನ ಮೇಲೆ ಪನ್ನೀರ್ ಮಸಾಲೆ, ಗೋಬಿ ಮಂಚೂರಿ, ಬಾಸ್ಮತಿ ಅನ್ನ. ಪೇಟೆಯ ಕೇಟರಿಂಗ್‌ನಿಂದ ತರಿಸಿದ್ದು, ಬರುವಷ್ಟರಲ್ಲಿ ತಣಿದಿತ್ತು. ಇದನ್ನು ತಿನ್ನಲು ಮಂಗಳೂರಿನಿಂದ ಇಷ್ಟು ದೂರ ಬರಬೇಕಾಗಿರಲಿಲ್ಲ. ಕೇಳಿದಾಗ ತಿಳಿದದ್ದು: ಕುಟುಂಬದ ಮನೆಯಲ್ಲಿ ದೈವದ ನೇಮ, ಅಡುಗೆ ಮಾಡುವ ಮನೆಯೊಡತಿ ಅಲ್ಲಿಗೆ ಹೋಗಿದ್ದರು. ಮೊದಲೇ ತಿಳಿಸಿದ್ದರೆ ನಾವು ಒಂದು ವಾರ ಮುಂದೆ ಹಾಕುತ್ತಿದ್ದೆವು. ಆದರೆ ಕೋಪ ಇಳಿದ ಮೇಲೆ ಯೋಚಿಸಿದಾಗ, ಈ ಉದ್ಯಮ ಎಷ್ಟು ದೂರ ಬೆಳೆಯಬಲ್ಲದು ಎಂಬುದರ ಮಿತಿ ಇಲ್ಲೇ ಇದೆ ಎನ್ನಿಸಿತು. ಆ ಅಕ್ಕ ಬೆಳಿಗ್ಗೆ ಐದೂವರೆಗೆ ಎದ್ದು ಅಂಗಳದಂಚಿನ ಮಲ್ಲಿಗೆಯ ಮೊಗ್ಗು ಕೊಯ್ಯುತ್ತಾರೆ, ಬಾಳೆನಾರಿನಲ್ಲಿ ಕಟ್ಟುತ್ತಾರೆ, ಎಂಟರೊಳಗೆ ಕಟ್ಟೆಯ ವ್ಯಾಪಾರಿಗೆ ತಲುಪಿಸುತ್ತಾರೆ. ಅದರ ನಡುವೆ ನಮಗೆ ನೀರುದೋಸೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಟ್ಟೆಯ ದರ ಮಲ್ಲಿಗೆ ವ್ಯಾಪಾರದ ಊರಾದ ಶಂಕರಪುರದಲ್ಲಿ ದಿನದಿನಕ್ಕೂ ಬದಲಾಗುತ್ತದೆ. ಚಳಿಗೆ ಹೂವು ಕಡಿಮೆಯಾಗಿ ದರ ಏರಿರುವ ಜನವರಿಯಲ್ಲಿ ಕೋಣೆಗಳೂ ತುಂಬಿರುತ್ತವೆ, ಗುಳ್ಳದ ಕೊಯ್ಲೂ ಇರುತ್ತದೆ, ನೇಮ-ಕೋಲಗಳೂ ಇರುತ್ತವೆ. ಎಲ್ಲವೂ ಒಟ್ಟಿಗೆ ಬಂದು ಬೀಳುವುದು ಒಬ್ಬರ ಎರಡು ಕೈಗಳ ಮೇಲೆ. ಅವರ ದುಡಿಮೆಗೆ ಸಂಬಳವೆಂಬುದು ಹೋಮ್‌ಸ್ಟೇಯ ಲೆಕ್ಕಪುಸ್ತಕದಲ್ಲಿ ಎಲ್ಲೂ ಕಾಣಿಸಲಿಲ್ಲ.

ಲೆಕ್ಕಪುಸ್ತಕವೆಂದರೆ ಶಾಲೆಯ ಇನ್ನೂರು ಪುಟದ ನೋಟುಬುಕ್ಕು. ರಾತ್ರಿ ಚಾವಡಿಯಲ್ಲಿ ಕುಳಿತಾಗ ಯಜಮಾನರು ಅದನ್ನು ಸಂಕೋಚವಿಲ್ಲದೆ ತೋರಿಸಿದರು. ನಾವು ಆ್ಯಪ್ ಮೂಲಕ ಕೋಣೆ ಹಿಡಿದಿದ್ದರಿಂದ ಬಾಡಿಗೆಯಲ್ಲಿ ಸುಮಾರು 2,000 ರೂಪಾಯಿ ಆ್ಯಪ್‌ನವರಿಗೆ ಹೋಗುತ್ತದೆ. ಶನಿವಾರದ ಊಟದ ಹಣದ ಬಹುಪಾಲು ಪೇಟೆಗೆ ಹೋಯಿತು. ಹಾಸಿಗೆ ಬಟ್ಟೆ ಒಗೆಯುವುದು ಉಡುಪಿಯಲ್ಲಿ. ಕುಡಿಯುವ ನೀರಿನ ಬಾಟಲಿಗಳೂ ಹೊರಗಿನವು, ಬಾವಿಯ ಸಿಹಿನೀರು ಅಂಗಳದಲ್ಲೇ ಇದ್ದರೂ. ಉಳಿದುದರಲ್ಲಿ ವಿದ್ಯುತ್ತು ಮತ್ತು ಸಾಲದ ಕಂತು ಕಳೆದು, ಊರಿನಲ್ಲೇ ನಿಂತದ್ದು ನೆರೆಮನೆಯ ಹಾಲು, ಕೈರಂಪಣಿಯ ಮೀನು, ಸ್ವಂತ ತೆಂಗು, ಅಕ್ಕಿ, ಗುಳ್ಳ ಇವುಗಳಿಗೆ ಸಂದ ಹಣ. ಇದರ ಮೇಲೆ ನಾವು ಹೊರಡುವಾಗ ಕೊಂಡ ನಾಲ್ಕು ಕಿಲೋ ಗುಳ್ಳ ಬೇರೆ. "ಗುಳ್ಳಕ್ಕೆ ನಾಲ್ಕು ತಿಂಗಳು ಕೆಲಸ, ನಾಲ್ಕು ತಿಂಗಳು ಹಣ ಮಾರಾಯ್ರೆ. ರೂಮಿಗೆ ವರ್ಷ ಇಡೀ ಕೆಲಸ, ಶನಿವಾರ ಆದಿತ್ಯವಾರ ಮಾತ್ರ ಹಣ" ಎಂದು ಅವರು ನಗುತ್ತಲೇ ಹೇಳಿದರು.

ದುಡ್ಡು ಊರು ಬಿಟ್ಟು ಹೋಗುವುದು ಈ ಜಿಲ್ಲೆಗೆ ಹೊಸತಲ್ಲ, ಬರುವುದೂ ಹೊಸತಲ್ಲ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲೇ. ಮನೆಬಾಗಿಲಿಗೆ ಬಂದು ಆಣೆ ಆಣೆ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಇಲ್ಲಿಂದಲೇ ಶುರುವಾಯಿತು. ಆ ಎರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಮುಂಬಯಿಯ ಹೋಟೆಲುಗಳಿಂದ, ಆಮೇಲೆ ಕೊಲ್ಲಿಯಿಂದ ಬಂದ ಹಣ ಮನೆ, ಮದುವೆ, ದೈವಸ್ಥಾನಗಳಿಗೆ ಹೋಯಿತು. ಗದ್ದೆಗೆ ಬಂದದ್ದು ಕಡಿಮೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದುದಕ್ಕೆ ಗಂಡಸರು ಹೊರಗೆ ದುಡಿಯುವುದೂ ಒಂದು ಕಾರಣ. ಈ ಮನೆಯ ಮಗ ಬೆಂಗಳೂರಿನಲ್ಲಿದ್ದಾನೆ. ಆ್ಯಪ್‌ನ ಕೆಲಸವನ್ನೆಲ್ಲ ನೋಡಿಕೊಳ್ಳುವುದು ಅವನೇ, ಫೋನಿನಲ್ಲಿ. ಕೋಣೆ ಖಾಲಿ ಇಲ್ಲದಿದ್ದಾಗಲೂ ಆ್ಯಪ್‌ನಲ್ಲಿ ಖಾಲಿ ತೋರಿಸಿದ್ದುಂಟಂತೆ. ನೇಮದ ಸಂಗತಿ ನಮಗೆ ತಲುಪದಿದ್ದುದೂ ಹೀಗೆಯೇ.

ಒಂದೂವರೆ ಎಕರೆಯ ಈ ಜಮೀನು ಕುಟುಂಬದ ಹೆಸರಿಗೆ ಬಂದದ್ದು ಗೇಣಿದಾರರನ್ನೇ ಒಡೆಯರನ್ನಾಗಿಸಿದ 1974ರ ಭೂಸುಧಾರಣೆಯಿಂದ. ಯಜಮಾನರ ಅಜ್ಜ ಗೇಣಿ ಮಾಡುತ್ತಿದ್ದವರು, ಡಿಕ್ಲರೇಶನ್ ಕೊಟ್ಟು ಒಡೆಯರಾದವರು. ಸಣ್ಣ ಹಿಡುವಳಿಯ ಇಂಥ ಒಡೆತನ ಹಳ್ಳಿಹಳ್ಳಿಗಳಲ್ಲಿ ಹರಡಿರುವುದರಿಂದಲೇ ಇಲ್ಲಿ ಹೋಮ್‌ಸ್ಟೇಗೆ ಅರ್ಥವಿದೆ ಎಂಬುದು ನನ್ನ ಅಭಿಪ್ರಾಯ. ಕಾನೂನೂ ಇದಕ್ಕೆ ಅನುಕೂಲವಾಗಿದೆ: 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಸ್ಥಳೀಯ ಸಮುದಾಯದವರು ಈಗಿರುವ ಮನೆಯ ಅಡಿಪಾಯದ ವಿಸ್ತೀರ್ಣ, ವಿನ್ಯಾಸ, ಮುಖಚಹರೆಗಳನ್ನು ಬದಲಿಸದೆ ಹೋಮ್‌ಸ್ಟೇ ನಡೆಸಲು ಅವಕಾಶ ಕೊಡುತ್ತದೆ. ಹೊರಗಿನ ಬಂಡವಾಳದವರು ರೆಸಾರ್ಟಿಗಾಗಿ ಜಾಗ ಹುಡುಕುತ್ತಿರುವಾಗ, ಇರುವ ಮನೆಯನ್ನೇ ಬಂಡವಾಳ ಮಾಡಿಕೊಳ್ಳಬಲ್ಲವರು ಊರಿನವರು ಮಾತ್ರ.

ಆದರೆ ಜಮೀನು ಉಳಿದರೆ ತಾನೆ. ಬೇಸಿಗೆಗೆ ಹೊಳೆಯ ಹರಿವು ಇಳಿದಾಗ ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ. ಅದನ್ನು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಹದಿನೈದು ದಿನ ತಡವಾದರೂ ಗುಳ್ಳದ ಗಿಡ ಬಾಡುತ್ತದೆ, ಬಾವಿಯ ನೀರು ಉಪ್ಪಾಗುತ್ತದೆ. ಯಜಮಾನರು ತಮ್ಮ ಗದ್ದೆಯ ಪಡುಮೂಲೆಯನ್ನು ತೋರಿಸಿದರು. ಅಲ್ಲಿನ ಮೂರು ಸಾಲು ಗಿಡಗಳ ಎಲೆಯಂಚು ಸುಟ್ಟಂತಿತ್ತು. ಕಡಲಬದಿಯಲ್ಲಿ ಕಡಲ್ಕೊರೆತಕ್ಕೆ ಅಡ್ಡವಾಗಿ ಪೇರಿಸಿದ ಬಂಡೆಗಳಿವೆ, ಅವುಗಳ ಮೇಲೆ ಕುಳಿತು ಸೂರ್ಯಾಸ್ತದ ಫೋಟೋ ತೆಗೆಯುವವರಿದ್ದಾರೆ. ಅಣೆಕಟ್ಟಿನ ಹಲಗೆಗಳನ್ನು ಸಮಯಕ್ಕೆ ಸರಿಯಾಗಿ ಹಾಕಿಸುವುದು, ನನ್ನ ಲೆಕ್ಕದಲ್ಲಿ, ಯಾವ ಪ್ರವಾಸೋದ್ಯಮ ಉತ್ಸವಕ್ಕಿಂತಲೂ ಈ ಊರಿನ ಪ್ರವಾಸೋದ್ಯಮಕ್ಕೆ ಹೆಚ್ಚು ಬೇಕಾದ ಕೆಲಸ.

ಉಡುಪಿಗೆ ಬರುವ ಪ್ರವಾಸಿಗರ ದಾರಿ ನಮಗೆಲ್ಲ ಗೊತ್ತಿರುವುದೇ: ಕೃಷ್ಣನ ದರ್ಶನ, ಮಠದ ಊಟ, ಮಲ್ಪೆಯ ಕಡಲು, ಸಮಯವಿದ್ದರೆ ಬೋಟಿನಲ್ಲಿ ಸೈಂಟ್ ಮೇರೀಸ್ ದ್ವೀಪ, ಸಂಜೆಗೆ ಕೊಲ್ಲೂರೋ ಧರ್ಮಸ್ಥಳವೋ. ರಾತ್ರಿ ಇಲ್ಲಿ ನಿಲ್ಲದವರಿಂದ ಹಳ್ಳಿಗೆ ಸಿಗುವುದು ವಾಹನದ ಹೊಗೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಚೊಕ್ಕ, ಸುರಕ್ಷಿತ ಕಡಲತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದ ಮೇಲೆ ಈ ಭಾಗಕ್ಕೆ ಜನ ಹೆಚ್ಚಿದ್ದಾರೆಂದು ಯಜಮಾನರೂ ಹೇಳಿದರು, ಆದರೆ ಅವರಲ್ಲಿ ಹೆಚ್ಚಿನವರು ಹಗಲಿನವರು. ಮಳೆಗಾಲದಲ್ಲಿ ದ್ವೀಪದ ಬೋಟು ನಿಲ್ಲುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಕೋಣೆಗಳೂ ಖಾಲಿ. ಅದೇ ಹೊತ್ತಿಗೆ ಮಳೆಗಾಲದ ಭತ್ತವಾದ ಏಣೆಲು ಬೆಳೆಯ ನಾಟಿ, ಪತ್ರೊಡೆಯ ಕೆಸುವು, ತುಂಬಿದ ಹೊಳೆ. ಆಟಿ ತಿಂಗಳ ಮಳೆಯನ್ನೇ ನೋಡಲು ಬನ್ನಿ ಎಂದು ಕರೆಯುವ ಧೈರ್ಯವನ್ನು ಇವರು ಇನ್ನೂ ಮಾಡಿಲ್ಲ; ಮಾಡಿದರೆ ನಾನು ಹೋಗುತ್ತೇನೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಆ ಪನ್ನೀರಿಗೆ. ಇಂಥ ಮನೆಗಳಿಗೆ ಹೋಗುವವರು ಆ್ಯಪ್ ಬಿಟ್ಟು ನೇರವಾಗಿ ಮನೆಯವರಿಗೇ ಫೋನ್ ಮಾಡುವುದು ಒಳ್ಳೆಯದು. ಬಾಡಿಗೆಯೂ ಸ್ವಲ್ಪ ಇಳಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗುಳ್ಳ ಸಿಗುತ್ತದೆ, ವಾರದ ನಡುವೆ ಹೋದರೆ ಬಿಸಿನೀರೂ ಸಾಕಾಗುತ್ತದೆ. ಫೋನಿಟ್ಟುಬಿಡುವ ಮೊದಲು, ಆ ದಿನಗಳಲ್ಲಿ ಕುಟುಂಬದಲ್ಲಿ ನೇಮವೋ ಮದುವೆಯೋ ಇದೆಯೇ ಎಂದು ಕೇಳಿಕೊಳ್ಳಿ.