ಗೋಡೆಗೆ ಚಿಪ್ಪಿನ ಸುಣ್ಣ: ಒಂದು ಮಳೆಗಾಲ ಕಳೆದ ಮೇಲೆ

ಕುಮಟಾ ಬಳಿಯ ನಮ್ಮ ಹಳೆಯ ಮನೆಗೆ ಕಳೆದ ಫೆಬ್ರವರಿಯಲ್ಲಿ ಚಿಪ್ಪಿನ ಸುಣ್ಣ ಬಳಿಸಿದೆವು. ಬಳಿಸಿದ ವಾರದಲ್ಲೇ ಹೊಗಳಿ ಬರೆಯುವ ಆಸೆಯಾಗಿತ್ತು. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಗೋಡೆಯ ಬಣ್ಣದ ಮಾತನ್ನು ಮಳೆಗಾಲ ಮುಗಿಯುವ ಮೊದಲು ಆಡಬಾರದು. ಈಗ ಮಳೆ ಹಿಂದೆ ಸರಿದಿದೆ, ಗೋಡೆ ಬೆಳ್ಳಗೇ ಇದೆ. ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಚಿರೆಕಲ್ಲಿನ ಗೋಡೆ. ನಾಲ್ಕು ವರ್ಷಗಳ ಹಿಂದೆ ಅದಕ್ಕೆ ಪುಟ್ಟಿ ಹಾಕಿಸಿ, ಮೇಲೆ ದಂತದ ಬಣ್ಣದ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದ್ದೆವು. ಮೊದಲ ವರ್ಷ ಕಣ್ಣಿಗೆ ಹಬ್ಬವಾಗಿತ್ತು. ಎರಡನೆಯ ಮಳೆಗಾಲಕ್ಕೆ ಕಿಟಕಿಯ ಕೆಳಗೆ ಕರಿದ ಹಪ್ಪಳದಂತೆ ಗುಳ್ಳೆಗಳು ಎದ್ದವು. ಬೆರಳಿನಿಂದ ಒತ್ತಿದರೆ ಗುಳ್ಳೆ ಒಡೆದು ಒಳಗಿನಿಂದ ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ನಡುಮನೆಗೆ ಕಾಲಿಟ್ಟರೆ ಬೂಷ್ಟಿನ ವಾಸನೆ. ಇದರಲ್ಲಿ ಬಣ್ಣದ ತಪ್ಪೇನಿಲ್ಲ, ಅದನ್ನು ಇಂಥ ಗೋಡೆಗೆ ಹಚ್ಚಿದ್ದು ತಪ್ಪು. ಹಳೆಯ ಗೋಡೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ಆ ನೀರು ಗೋಡೆಯ ಮೈಯಿಂದಲೇ ಆರಿ ಹೋಗಬೇಕು. ಪ್ಲಾಸ್ಟಿಕ್ಕಿನ ಪದರ ಆ ದಾರಿಯನ್ನು ಮುಚ್ಚಿಬಿಟ್ಟಿತ್ತು.

ಸುಣ್ಣ ಆ ದಾರಿಯನ್ನು ತೆರೆದೇ ಇಡುತ್ತದೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಚಿಪ್ಪು ಈ ಸೀಮೆಗೆ ಹೊಸದಲ್ಲ. ಅದನ್ನು ಸುಟ್ಟು ಮಾಡಿದ ಸುಣ್ಣದಲ್ಲೇ ನಮ್ಮ ಅಜ್ಜನ ಕಾಲದ ಗೋಡೆಗಳು ಬೆಳ್ಳಗಿದ್ದವು. ನಾವು 50 ಕಿಲೋ ಸುಟ್ಟ ಸುಣ್ಣ ತರಿಸಿ ಹಿತ್ತಲಿನ ಪೀಪಾಯಿಯಲ್ಲಿ ಅರಳಿಸಿದೆವು. ನೀರಿಗೆ ಬಿದ್ದ ಹೆಂಟೆ ಮೊದಲು ಸುಮ್ಮನಿರುತ್ತದೆ. ಆಮೇಲೆ ಚಿಟಿಚಿಟಿ ಸದ್ದು ಮಾಡಿ ಬಿರಿಯುತ್ತದೆ, ನೋಡನೋಡುತ್ತಿದ್ದಂತೆ ಇಡೀ ಪೀಪಾಯಿ ಅನ್ನದ ಹಂಡೆಯಂತೆ ಕೊತಕೊತ ಕುದಿಯುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಸುಣ್ಣದ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಹದಿನೈದು ದಿನ ನೆನೆದ ಸುಣ್ಣವನ್ನು ಹಳೆಯ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿ ಕದಡಿ, ಸ್ವಲ್ಪ ಅಂಟು ಬೆರೆಸಿದೆವು. ಬಳಿಯಲು ಬಂದ ಹಿರಿಯರು ಕೇದಗೆಯ ಬಿಳಲನ್ನು ಜಜ್ಜಿ ಮಾಡಿದ ಕುಂಚವನ್ನು ತಾವೇ ತಂದಿದ್ದರು. ಮೊದಲು ಗೋಡೆಗೆ ನೀರು ಚಿಮುಕಿಸಿ, ಆಮೇಲೆ ಒಂದು ಕೈ ಬಳಿದರು. ನನಗೆ ಎದೆ ಧಸಕ್ಕೆಂದಿತು. ಗೋಡೆಯ ಕಲೆ, ತೇಪೆ ಎಲ್ಲವೂ ಹಾಗೆಯೇ ಕಾಣುತ್ತಿದ್ದವು, ನೀರನ್ನೇ ಬಳಿದಂತಿತ್ತು. "ತಂಗಿ, ಇವತ್ತು ನೋಡಬೇಡ, ನಾಳೆ ನೋಡು" ಎಂದರು. ಮರುದಿನ ಬೆಳಿಗ್ಗೆ ಕಲೆಗಳ ಮೇಲೆ ಮಂಜು ಕವಿದಂತಾಗಿತ್ತು. ಮೂರನೆಯ ಕೈ ಆರಿದಾಗ ಅವೆಲ್ಲ ಮಾಯವಾಗಿದ್ದವು. ಸುಣ್ಣ ಬರೀ ಒಣಗುವುದಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಪ್ರತಿ ಕೈಗೂ ನಡುವೆ ಒಂದು ದಿನ ಬಿಡಬೇಕು, ಅವಸರ ಮಾಡಿದರೆ ಪುಡಿಪುಡಿಯಾಗಿ ಉದುರುತ್ತದೆ.

ಬಿಳಿ ಎಂದರೆ ಒಂದೇ ಬಣ್ಣವಲ್ಲ ಎಂದು ನನಗೆ ಗೊತ್ತಾದದ್ದು ನಮ್ಮ ನಡುಮನೆಯಲ್ಲಿ. ಅಲ್ಲಿ ನೆಲಕ್ಕೆ ರೆಡ್ ಆಕ್ಸೈಡ್ ಇದೆ, ಅಮ್ಮ ಐವತ್ತು ವರ್ಷ ಒರೆಸಿ ಹೊಳಪು ತಂದ ನೆಲ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದ ಬಿಸಿಲು ಆ ನೆಲಕ್ಕೆ ಬಿದ್ದು ಗೋಡೆಗೆ ಚಿಮ್ಮುತ್ತದೆ. ಆಗ ಗೋಡೆಯ ಕೆಳಭಾಗ ತೆಳು ಗುಲಾಬಿ, ಎದೆಮಟ್ಟದಲ್ಲಿ ಕೆನೆ, ಮಾಡಿನ ಹತ್ತಿರ ಅಚ್ಚ ಬಿಳಿ. ಯಾವ ಶೇಡ್ ಕಾರ್ಡಿನಲ್ಲೂ ಈ ಬಣ್ಣ ನನಗೆ ಸಿಕ್ಕಿಲ್ಲ. ಹಲಸಿನ ಮರದ ಕಂಬಗಳು ಆ ಗೋಡೆಯ ಎದುರು ಎಷ್ಟು ಚೆನ್ನಾಗಿ ಎದ್ದು ಕಾಣುತ್ತವೆಂದರೆ, ಅಲ್ಲಿ ತೂಗುಹಾಕಿದ್ದ ಚಿತ್ರಪಟಗಳನ್ನೆಲ್ಲ ತೆಗೆದುಬಿಟ್ಟೆ.

ಉತ್ತರದ ಕೋಣೆಯ ಕಥೆ ಬೇರೆ. ಅಲ್ಲಿಗೆ ನೇರ ಬಿಸಿಲು ಬರುವುದು ಕಡಿಮೆ, ಕಿಟಕಿಯ ಹೊರಗೆ ದಟ್ಟ ಅಡಿಕೆ ಮರ. ಸುಣ್ಣಕ್ಕೆ ನೀಲಿ ಹಾಕಿದರೆ ಹೆಚ್ಚು ಬೆಳ್ಳಗಾಗುತ್ತದೆ ಎಂದು ಎಲ್ಲರೂ ಹೇಳಿದರು. ಒಂದು ಮೂಲೆಯಲ್ಲಿ ಬಳಿದು ನೋಡಿದೆ, ಮೋಡ ಕವಿದ ದಿನ ಅದು ತಣ್ಣಗೆ, ಬೂದಿಯಂತೆ ಕಂಡಿತು. ಹಾಗಾಗಿ ಆ ಕೋಣೆಗೆ ಹತ್ತು ಲೀಟರ್ ಸುಣ್ಣಕ್ಕೆ ಎರಡು ಚಮಚ ಹಳದಿ ಆಕ್ಸೈಡ್ ಪುಡಿ ಬೆರೆಸಿದೆವು. ಹಸಿಯಿದ್ದಾಗ ಕಡು ಹಳದಿಯಾಗಿದ್ದದ್ದು ಆರಿದ ಮೇಲೆ ಹೊಸ ಬೆಣ್ಣೆಯ ಬಣ್ಣಕ್ಕೆ ಇಳಿಯಿತು. ಮಣ್ಣಿನ ಮೂಲದ ಇಂಥ ಬಣ್ಣಗಳೇ ಸುಣ್ಣಕ್ಕೆ ಸರಿ, ಬೇರೆ ಎಷ್ಟೋ ಬಣ್ಣಗಳನ್ನು ಸುಣ್ಣದ ಕ್ಷಾರ ತಿಂದುಹಾಕುತ್ತದೆ. ಜೊತೆಗೆ ಆ ಕೋಣೆಯ ಬೆಳ್ಳನೆಯ ಬಲ್ಬು ತೆಗೆದು ಬೆಚ್ಚನೆಯ ಹಳದಿ ಬೆಳಕಿನ 3,000 ಕೆಲ್ವಿನ್‌ನದು ಹಾಕಿದೆ. ರಾತ್ರಿ ಹೊತ್ತು ಅದು ನನ್ನ ಅಚ್ಚುಮೆಚ್ಚಿನ ಕೋಣೆ.

ಕಷ್ಟಗಳನ್ನೂ ಹೇಳಬೇಕು. ಎಮಲ್ಷನ್ ಮೇಲೆ ಸುಣ್ಣ ಹಿಡಿಯುವುದಿಲ್ಲ. ಹಳೆಯ ಪದರವನ್ನು ಪುಟ್ಟಿ ಸಮೇತ ಹೆರೆದು ತೆಗೆಯಲು ಇಬ್ಬರಿಗೆ ಆರು ದಿನ ಬೇಕಾಯಿತು. ಸುಣ್ಣಕ್ಕೆ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ, ಕೂಲಿ ಅದರ ಹಲವು ಪಟ್ಟು. ಕಪ್ಪು ಸೀರೆ ಉಟ್ಟು ಗೋಡೆಗೆ ಒರಗಿದರೆ ಬೆನ್ನಿಗೆ ಬಿಳಿ ಹತ್ತುತ್ತದೆ. ಎಣ್ಣೆ ಕೈಯ ಗುರುತನ್ನು ಒರೆಸಿ ತೆಗೆಯಲಾಗದು, ಅದರ ಮೇಲೆ ಮತ್ತೆ ಬಳಿಯಬೇಕು ಅಷ್ಟೆ. ಹೊರಗೋಡೆಯಲ್ಲಿ ಎರಚಲು ಬಡಿಯುವ ಕಡೆ ಸುಣ್ಣ ತೊಳೆದುಹೋಗಿ ಪಾಚಿ ಕಟ್ಟಿದೆ, ಅಲ್ಲಿಗೆ ಪ್ರತಿ ವರ್ಷ ಬಳಿಯದೆ ಗತಿಯಿಲ್ಲ. ಪುಟ್ಟ ಮಕ್ಕಳಿರುವ ಮನೆಯವರಿಗೆ, ಹೊಸ ಸಿಮೆಂಟ್ ಗೋಡೆಯ ಫ್ಲ್ಯಾಟಿನವರಿಗೆ ತೊಳೆಯಬಹುದಾದ ಎಮಲ್ಷನ್ನೇ ಅನುಕೂಲ.

ಆದರೆ ಒಳಗೋಡೆಯಲ್ಲಿ ಈ ಮಳೆಗಾಲ ಒಂದು ಗುಳ್ಳೆಯೂ ಏಳಲಿಲ್ಲ. ಜುಲೈನಲ್ಲಿ ಕಿಟಕಿಯ ಕೆಳಗೆ ಒದ್ದೆ ಕಂಡಿತ್ತು, ಆಗಸ್ಟ್ ಕೊನೆಯಲ್ಲಿ ನಾಲ್ಕು ದಿನ ಬಿಸಿಲು ಬಿದ್ದದ್ದೇ ತಾನಾಗಿ ಆರಿಹೋಯಿತು. ಬೂಷ್ಟಿನ ವಾಸನೆ ಇಲ್ಲ.

ಅಮ್ಮನ ಒತ್ತಾಯಕ್ಕೆ ಜಗಲಿಯ ಗೋಡೆಯ ಬುಡದಲ್ಲಿ ಮೊಳದೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಿಟ್ಟಿದ್ದೇವೆ. ನೆಲ ಒರೆಸುವಾಗ ಸಿಡಿಯುವ ಕೊಳೆ ಅದರಲ್ಲಿ ಕಾಣುವುದಿಲ್ಲ. ದೀಪಾವಳಿಗೆ ಅದರ ಮೇಲೆ ಸೇಡಿ, ಅಂದರೆ ಬಿಳಿಮಣ್ಣಿನ ಚಿತ್ತಾರ, ಬರೆಯುತ್ತೇನೆಂದು ಅಮ್ಮ ಆಗಲೇ ಬಟ್ಟಲು ತೆಗೆದಿಟ್ಟುಕೊಂಡಿದ್ದಾರೆ. ಪೀಪಾಯಿಯಲ್ಲಿ ಉಳಿದ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟಿದ್ದೇನೆ, ಹಬ್ಬಕ್ಕೆ ಮೊದಲು ಅಡುಗೆಮನೆಗೆ ಇನ್ನೊಂದು ಕೈ ಬಳಿಯಬೇಕು.