ಕುದುರೆಗೆ ನಳಿಕೆಯ ಆಹಾರ: ಪೆಲೆಟ್ ಗಂಜಿಯೋ, ರೆಡಿಮೇಡ್ ಪುಡಿಯೋ?

ತಾನಾಗಿ ತಿನ್ನಲಾಗದ ಕುದುರೆಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಆಹಾರ ಕೊಡುತ್ತಾರೆ. ಆದರೆ ಗಟ್ಟಿಮುಟ್ಟಾದ ಕುದುರೆಗೂ ಬರೀ ದ್ರವಾಹಾರ ಕೊಟ್ಟರೆ ಲದ್ದಿ ಕಡಿಮೆಯಾಗುತ್ತದೆ, ನೀರುನೀರಾಗುತ್ತದೆ, ಕುದುರೆಯ ತೂಕವೂ ಇಳಿಯಬಹುದು. ಅದರ ದೊಡ್ಡ ಕರುಳಿಗೆ ನಾರು ಬೇಕು, ಅಲ್ವಾ?

ನಾರಿಲ್ಲದ ರೆಡಿಮೇಡ್ ಪುಡಿ ನೀರಲ್ಲಿ ಸಲೀಸಾಗಿ ಕದಡುತ್ತದೆ, ಸಣ್ಣ ನಳಿಕೆಯಲ್ಲೂ ಇಳಿಯುತ್ತದೆ. ಆದರೆ ಭೇದಿಯ ಭಯ ಜಾಸ್ತಿ.

ಪೆಲೆಟ್ (ಒತ್ತಿ ಮಾಡಿದ ಮೇವಿನ ಗುಳಿಗೆ) ನೆನೆಸಿ ರುಬ್ಬಿದ ಗಂಜಿ ಅಗ್ಗ, ನಾರೂ ಸಿಗುತ್ತದೆ. ಕರುಳು ಸರಿಯಿದ್ದರೆ ನನ್ನ ಆಯ್ಕೆ ಇದೇ. ಆದರೆ ದಪ್ಪ ನಳಿಕೆ ಬೇಕು. ಸರಿಯಾಗಿ ನೆನೆಯದ ನಾಲ್ಕು ಚೂರು ಸಾಕು, ನಳಿಕೆ ಕಟ್ಟಿಕೊಳ್ಳುತ್ತದೆ.

ಯಾವುದೇ ಇರಲಿ, 500 ಕೆಜಿ ಕುದುರೆಗೆ ಒಂದು ಸಲಕ್ಕೆ 6ರಿಂದ 8 ಲೀಟರ್ ಮೀರಬೇಡಿ. ಕುದುರೆ ವಾಂತಿ ಮಾಡಲಾರದು, ಜಾಸ್ತಿಯಾದರೆ ಹೊಟ್ಟೆಯೇ ಬಿರಿಯಬಹುದು. ನಳಿಕೆ ಹಾಕುವುದು, ಹಿಂದಿನದು ಹೊಟ್ಟೆಯಲ್ಲೇ ಉಳಿದಿದೆಯೇ ಎಂದು ಪ್ರತಿ ಸಲ ನೋಡುವುದು ಪಶುವೈದ್ಯರ ಕೆಲಸ.