ಹೊಸ ಟ್ರಾಲಿ: ಬ್ರೇಕಿಗೆ ಮೆಚ್ಚುಗೆ, ಕಂಬಿಗೆ ಆಕ್ಷೇಪ

ರೋಗಿಯನ್ನು ಹಾಸಿಗೆಯಿಂದ ಟ್ರಾಲಿಗೆ ಸರಿಸುವಾಗ ಚಕ್ರ ಜಾರಿ ನಡುವೆ ಸಂದು ಬೀಳುವುದೇ ದಾದಿಯರಾದ ನಮಗೆ ದೊಡ್ಡ ಭಯ. ನಮ್ಮ ವಾರ್ಡಿನ ಹೊಸ ಟ್ರಾಲಿಯಲ್ಲಿ ಒಂದು ಪೆಡಲ್ ಒತ್ತಿದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಬಿಗಿಯುತ್ತವೆ. ನಡುವಿನ ಐದನೆಯ ಚಕ್ರವನ್ನು ಇಳಿಸಿದರೆ ತಿರುವಿನಲ್ಲಿ ಹಿಂಬದಿ ಗೋಡೆಗೆ ಬಡಿಯುವುದಿಲ್ಲ, ನಮ್ಮ ಸೊಂಟಕ್ಕೂ ಸುಖ. ಆಮ್ಲಜನಕದ ಸಿಲಿಂಡರಿಗೆ ಕೆಳಗೆ ಭದ್ರವಾದ ಜಾಗವಿದೆ. ರೋಗಿಯ ಕಾಲುಗಳ ನಡುವೆ ಇಡಬೇಕಾಗಿಲ್ಲ.

ಆದರೆ ಪಕ್ಕದ ಕಂಬಿ ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಇಳಿಸುವಾಗ ಅದು ಮಡಚಿಕೊಳ್ಳುವ ಸಂದಿಯಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಸಹೋದ್ಯೋಗಿಯೊಬ್ಬರ ಉಗುರು ಇನ್ನೂ ಕಪ್ಪಾಗಿದೆ. ಮೂತ್ರದ ಚೀಲದ ಕೊಕ್ಕೆಯಂತೂ ಚಕ್ರಕ್ಕೆ ತೀರ ಹತ್ತಿರ. ರೋಗಿಯ ಮೂತ್ರಕೋಶದಿಂದ ಚೀಲಕ್ಕೆ ಬರುವ ಕೊಳವೆ ಚಕ್ರಕ್ಕೆ ಸುತ್ತಿಕೊಂಡು ಎಳೆದರೆ ರೋಗಿಗೆ ಎಷ್ಟು ನೋವು, ಎಷ್ಟು ರಕ್ತಸ್ರಾವ ಎಂಬುದನ್ನು ತಯಾರಕರು ಯೋಚಿಸಬೇಕಿತ್ತು. ಕೊಳ್ಳುವವರು ಮೊದಲು ದಾದಿಯರ ಕೈಗೆ ಕೊಟ್ಟು ಕಂಬಿಯನ್ನು ಏರಿಸಿ ಇಳಿಸಿ ಪರೀಕ್ಷಿಸಲಿ.